ರೈಲು ನೋಡಲು ಹೋಗುವ ಮನೆತನ

ಕೆಲವು ಮನೆತನಗಳಲ್ಲಿ ಸಂಗೀತ ಇಳಿದು ಬರುತ್ತದೆ, ಕೆಲವರಲ್ಲಿ ಸಕ್ಕರೆ ಕಾಯಿಲೆ. ನಮ್ಮ ಮನೆತನದಲ್ಲಿ ತಾತನಿಂದ ಅಪ್ಪನಿಗೆ, ಅಪ್ಪನಿಂದ ನನಗೆ ಇಳಿದು ಬಂದದ್ದು ಸಂಜೆ ಹೊತ್ತು ಸ್ಟೇಶನ್ನಿಗೆ ಹೋಗಿ ಬೆಂಚಿನ ಮೇಲೆ ಕೂತು ರೈಲು ನೋಡುವ ಅಭ್ಯಾಸ. ನಾವು ಎಲ್ಲಿಗೂ ಹೋಗುವವರಲ್ಲ, ಯಾರನ್ನೂ ಕರೆತರಲು ಬಂದವರೂ ಅಲ್ಲ. ರೈಲು ಬರುತ್ತದೆ, ನೋಡುತ್ತೇವೆ. ಅದು ಹೋಗುತ್ತದೆ, ನಾವೂ ಮನೆಗೆ ಹೋಗುತ್ತೇವೆ. ಇದರಿಂದ ಏನು ಪ್ರಯೋಜನ ಎಂದು ಕೇಳುವವರನ್ನು ನಮ್ಮವರು ಬೆಂಚಿನ ಮೇಲೆ ಕೂಡಿಸಿಕೊಳ್ಳುತ್ತಿರಲಿಲ್ಲ.

ನಮ್ಮೂರು ಗದಗಿನಿಂದ ಉತ್ತರಕ್ಕೆ ಹೋಗುವ ಹಳಿಯ ಮೇಲಿನ ಒಂದು ಸಣ್ಣ ಊರು. ಊರಿಗಿಂತ ಸ್ಟೇಶನ್ನಿನ ಹಲಗೆಯೇ ದೊಡ್ಡದು ಎಂದು ಪಕ್ಕದೂರಿನವರು ಹಂಗಿಸುತ್ತಿದ್ದರು. ಅವರ ಊರಿಗೆ ಸ್ಟೇಶನ್ನೇ ಇರಲಿಲ್ಲವಾದ್ದರಿಂದ ನಾವು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರರು. ಶಾಲೆ ಬಿಟ್ಟ ಮೇಲೆ ಮನೆಗೆ ಬಂದು, ಮುಖ ತೊಳೆದು, ಶಾಲೆಗೂ ಹಾಕಿಕೊಳ್ಳದ ಇಸ್ತ್ರಿಯ ಅಂಗಿ ತೊಟ್ಟು, ಕಿಸೆಯಲ್ಲಿ ಹುರಿದ ಶೇಂಗಾ ತುಂಬಿಕೊಂಡು ಹೊರಡುತ್ತಿದ್ದರು. ಅವರ ಹಿಂದೆ ನಾನು. ಬೆಂಚಿನ ಮೇಲೆ ಅರಿವೆ ಅಂಗಡಿಯವರು, ದವಾಖಾನೆಯ ಕಂಪೌಂಡರು ಆಗಲೇ ಬಂದು ಕೂತಿರುತ್ತಿದ್ದರು. ಗಾಡಿಯ ಸಿಳ್ಳು ಕೇಳಿದ ಕೂಡಲೇ ಮೂವರೂ ಮಾತು ನಿಲ್ಲಿಸಿ ಎದ್ದು ನಿಲ್ಲುವರು. ಆಗ ಅಪ್ಪನ ಮುಖ ನೋಡಬೇಕು. ಗಡಿಯಾರ ನೋಡಿ, ಗಾಡಿ ನೋಡಿ, ‘ಆಗಲಿ, ಇವತ್ತಿನ ಮಟ್ಟಿಗೆ ಕ್ಷಮಿಸಿದ್ದೇನೆ’ ಎಂಬ ಮುಖ. ಆ ಗಾಡಿಯನ್ನು ಬರಹೇಳಿದವರು ಅವರೇ ಎಂದು ನಾನು ಬಹಳ ದಿನ ನಂಬಿದ್ದೆ.

ಮನೆಗೆ ಬಂದರೆ ಅಜ್ಜಿ ಹೊಸ್ತಿಲಲ್ಲೇ ಹಿಡಿಯುವಳು. “ಇವತ್ತ ಯಾರ ಇಳದ್ರೋ?”

“ಬ್ಯಾಂಕಿನ ಮ್ಯಾನೇಜರರ ಬೀಗರು. ಎರಡ ಟ್ರಂಕು, ಒಂದ ಅಳೂ ಕೂಸು.”

“ಎರಡ ಟ್ರಂಕ ಅಂದ್ರ ಜಲ್ದಿ ಹೋಗೂ ಮಂದಿ ಅಲ್ಲ ಬಿಡು,” ಎಂದು ಅಜ್ಜಿ ತೀರ್ಪು ಕೊಟ್ಟು, ಮ್ಯಾನೇಜರರ ಹೆಂಡತಿಗಾಗಿ ಒಂದು ನಿಟ್ಟುಸಿರು ಬಿಟ್ಟು ಒಳಗೆ ಹೋಗುವಳು. ಸುದ್ದಿ ಎಂದರೆ ಇದು. ಈಗಿನ ಟೀವಿಯವರಿಗೆ ಟ್ರಂಕು ನೋಡಿ ಭವಿಷ್ಯ ಹೇಳಲು ಬರುವುದಿಲ್ಲ.

ಇಷ್ಟನ್ನು ಪೀಠಿಕೆಯಾಗಿ ಹೇಳಿಕೊಂಡದ್ದು ಏಕೆಂದರೆ, ಈ ವಂಶವಿದ್ಯೆಯನ್ನು ನಾನು ಜರ್ಮನಿಗೆ ತಂದೆ. ತಂದು ಒಂದು ಊರಿನ ನೆಮ್ಮದಿಯನ್ನು ಸಾಕಷ್ಟು ಕೆಡಿಸಿದೆ.

ನಾನು ಕೆಲಸ ಮಾಡುವುದು ಶ್ವೀಬರ್ಡಿಂಗೆನ್ನಿನಲ್ಲಿ, ಮೋಟಾರು ಭಾಗಗಳನ್ನು ಮಾಡುವ ಕಂಪನಿಯೊಂದರಲ್ಲಿ. ನನ್ನ ವಿಭಾಗ ಬ್ರೇಕಿನ ಎಲೆಕ್ಟ್ರಾನಿಕ್ಸ್. ಜಗತ್ತಿನ ಎಷ್ಟೋ ಕಾರುಗಳು ನಿಲ್ಲಬೇಕಾದಲ್ಲಿ ನಿಲ್ಲುವುದರಲ್ಲಿ ನನ್ನದೂ ಒಂದು ಅಳಿಲು ಸೇವೆ ಇದೆ. ಆದರೆ ನನಗೆ ಕಾರು ಓಡಿಸಲು ಬರುವುದಿಲ್ಲ. ಇಲ್ಲ, ಬರುತ್ತದೆ, ಜರ್ಮನ್ ಸರಕಾರ ಅದನ್ನು ಒಪ್ಪುವುದಿಲ್ಲ. ಡ್ರೈವಿಂಗ್ ಪರೀಕ್ಷೆಯಲ್ಲಿ ಮೊದಲ ಸಲ ತಿರುವಿನಲ್ಲಿ ಹಾರ್ನ್ ಹೊಡೆದೆ ಎಂದು ಫೇಲು ಮಾಡಿದರು. ಅದು ನಮ್ಮ ಕಡೆ ಸೌಜನ್ಯ. ಆಮೇಲೆ ಮತ್ತೆ ಫೇಲಾದದ್ದು ಬ್ರೇಕನ್ನು ಅತಿಯಾಗಿ ಬಳಸಿದ್ದಕ್ಕೆ. ಆ ಕಾರಿನ ಬ್ರೇಕು ನಮ್ಮ ವಿಭಾಗದ್ದೇ. ಸ್ವಂತ ಕೂಸಿನ ಮೇಲಿನ ಮಮತೆಯನ್ನು ಅಪರಾಧ ಎಂದ ಆ ಪರೀಕ್ಷಕನನ್ನು ನಾನು ಇನ್ನೂ ಕ್ಷಮಿಸಿಲ್ಲ.

ಹೀಗಾಗಿ ಮನೆ ಹುಡುಕುವಾಗ ನಮ್ಮ ಷರತ್ತು ಸ್ಪಷ್ಟವಾಗಿತ್ತು: ರೈಲಿರುವ ಊರು ಬೇಕು. ಪೇಟೆಗಳಲ್ಲಿ ನಮ್ಮ ಕೈಗೆಟುಕುವ ಮನೆ ಸಿಗಲಿಲ್ಲ. ಸಿಕ್ಕದ್ದು ಕ್ರೌಟ್‌ವೀಲರ್ ಎಂಬ ಹಳ್ಳಿಯಲ್ಲಿ. ಮುಖ್ಯ ಮಾರ್ಗದಿಂದ ಕವಲೊಡೆದು ಹೊಲಗಳ ನಡುವೆ ಅಲೆಯುವ ಒಂದು ಸಣ್ಣ ರೈಲು ದಾರಿ. ಅದರ ಮೇಲೆ ಒಂದೇ ಡಬ್ಬಿಯ ಡೀಸೆಲ್ ಗಾಡಿ. ಆ ದಾರಿಯ ಊರುಗಳು ನೋಡಲು ಯಾರೋ ಕೈಯಲ್ಲಿದ್ದ ಊರುಗಳನ್ನು ನಡೆಯುತ್ತಾ ಬೀಳಿಸಿಕೊಂಡು ಹೋದಂತೆ ಇವೆ. ಒಂದೆಡೆ ಹತ್ತು ಮನೆ, ಒಂದು ಚರ್ಚಿನ ಗೋಪುರ. ಮತ್ತೊಂದೆಡೆ ಬರೀ ಒಂದು ದನದ ಕೊಟ್ಟಿಗೆ, ಆದರೂ ಅದಕ್ಕೊಂದು ನಿಲ್ದಾಣ. ಪ್ಲಾಟ್‌ಫಾರ್ಮಿನ ಅಂಚಿನವರೆಗೂ ಬೀಟ್ ಗಡ್ಡೆಯ ಹೊಲ ಬಂದಿರುತ್ತದೆ. ಗೋಧಿ ಬೆಳೆದ ವರ್ಷ ರೈಲಿನ ಕಿಟಕಿಯಿಂದ ಕೈ ಚಾಚಿದರೆ ತೆನೆ ಸಿಗುತ್ತದೆ. ಕಿಟಕಿ ತೆರೆಯಲು ಬರುವುದಿಲ್ಲ ಎಂಬುದು ಬೇರೆ ಮಾತು.

ಈ ಊರುಗಳನ್ನು ಕಂಡು ನನಗೆ ಮೊದಲು ಬಂದದ್ದು ನಗು, ಆಮೇಲೆ ಬೆರಗು, ಈಗ ಉಳಿದಿರುವುದು ಗೌರವ. ಕ್ರೌಟ್‌ವೀಲರಿನಲ್ಲಿ ಅಂಗಡಿಯಿಲ್ಲ, ಶಾಲೆಯಿಲ್ಲ, ಆದರೆ ಒಂದು ಬ್ಯಾಂಡ್ ಸಂಘವಿದೆ. ಬೆಂಕಿ ಆರಿಸುವ ದಳವಿದೆ, ಅದೂ ಬಿಟ್ಟಿ ಸೇವೆ. ಹಾಲು ಕರೆಯುತ್ತಿದ್ದವನು ಬಕೀಟು ಇಟ್ಟು ಹೆಲ್ಮೆಟ್ ಹಾಕಿಕೊಂಡು ಓಡುತ್ತಾನೆ. ಊರ ನಡುವೆ ಒಂದು ಕಲ್ಲಿನ ಮನೆ, ಅದರಲ್ಲಿ ಇಡೀ ಊರಿಗೆ ಸೇರಿದ ಒಂದು ಒಲೆ. ಗೊತ್ತುಮಾಡಿದ ದಿನ ಹೆಂಗಸರೆಲ್ಲ ಅಲ್ಲಿ ರೊಟ್ಟಿ ಸುಡುತ್ತಾರೆ. ಊರಿನ ಜನಕ್ಕಿಂತ ಊರಿನ ಸಂಘಗಳು ಹೆಚ್ಚು ಎನಿಸುತ್ತದೆ. ಒಬ್ಬನೇ ಮನುಷ್ಯ ಮೂರು ಸಂಘಗಳ ಅಧ್ಯಕ್ಷನಾಗಿ ತನಗೆ ತಾನೇ ಬಿನ್ನಹ ಸಲ್ಲಿಸಿ ತಾನೇ ತಿರಸ್ಕರಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಬಂದ ವಾರವೇ ನಾನು ಚುರುಮುರಿಯ ಡಬ್ಬಿ ಹಿಡಿದು ಸಂಜೆ ನಿಲ್ದಾಣಕ್ಕೆ ಹೋದೆ. ಒಂದು ಪ್ಲಾಟ್‌ಫಾರ್ಮು, ಒಂದು ತಗಡಿನ ಮಾಡು, ಅದರಡಿ ಒಂದು ಬೆಂಚು. ಇನ್ನೇನು ಬೇಕು? ಬೀಟ್ ಹೊಲದಾಚೆ ಗಾಡಿ ಕಾಣಿಸಿತು. ವಂಶದ ಪದ್ಧತಿಯಂತೆ ಎದ್ದು ನಿಂತೆ. ಗಡಿಯಾರ ನೋಡಿ, ಗಾಡಿ ಹೊತ್ತಿಗೆ ಸರಿಯಾಗಿ ಬಂದು ಕ್ಷಮಿಸುವುದಕ್ಕೆ ಏನೂ ಉಳಿಸದ್ದನ್ನು ಕಂಡು ಸ್ವಲ್ಪ ನಿರಾಸೆಪಟ್ಟೆ. ಗಾಡಿ ನಿಧಾನವಾಯಿತು. ಬಾಗಿಲು ಸರಿಯಾಗಿ ನನ್ನ ಮೂಗಿನೆದುರು ಬರುವಂತೆ ನಿಂತಿತು, ತೆರೆಯಿತು. ಯಾರೂ ಇಳಿಯಲಿಲ್ಲ. ಗಾಡಿಯ ಚಾಲಕಿ, ಕೆಂಪು ಕನ್ನಡಕದ ಗಟ್ಟಿ ಹೆಂಗಸು, ಕಿಟಕಿಯಿಂದ ತಲೆ ಹಾಕಿ ಕೇಳಿದಳು: “ಹತ್ತುತ್ತೀರಾ?”

ಆಗ ನನಗೆ ತಿಳಿಯಿತು. ಇದು ಕೇಳಿದರೆ ಮಾತ್ರ ನಿಲ್ಲುವ ನಿಲ್ದಾಣ. ಪ್ಲಾಟ್‌ಫಾರ್ಮಿನ ಮೇಲೆ ಒಂದು ನರಪಿಳ್ಳೆ ಕಂಡರೆ ಗಾಡಿ ನಿಲ್ಲುತ್ತದೆ. ಕಾಣದಿದ್ದರೆ ನಿಲ್ಲದೆ ಹೋಗುತ್ತದೆ. ಕೆಲಸವಿಲ್ಲದೆ ಪ್ಲಾಟ್‌ಫಾರ್ಮಿನ ಮೇಲೆ ನಿಲ್ಲುವ ಮನುಷ್ಯನೊಬ್ಬ ಇರಬಹುದು ಎಂಬ ಕಲ್ಪನೆಯೇ ಈ ದೇಶಕ್ಕೆ ಬಂದಿಲ್ಲ. ಅಷ್ಟು ದೊಡ್ಡ ಯಂತ್ರವನ್ನು ತಡೆದು ನಿಲ್ಲಿಸಿ ‘ಇಲ್ಲಮ್ಮ, ಸುಮ್ಮನೆ ನೋಡಲು ಬಂದೆ’ ಎನ್ನುವ ಎದೆಗಾರಿಕೆ ನನಗಿರಲಿಲ್ಲ. ತಿಂಗಳ ಪಾಸು ಜೇಬಿನಲ್ಲೇ ಇತ್ತು. ಹತ್ತಿದೆ. ಮುಂದಿನ ಊರು ಬಿರ್ಕೆನ್‌ಹೋಫಿನಲ್ಲಿ ಇಳಿದು, ಡಬ್ಬಿ ಹಿಡಿದುಕೊಂಡು ಹೊಲದ ದಾರಿಯಲ್ಲಿ ನಡೆದು ಮನೆಗೆ ಬಂದೆ.

“ಎಲ್ಲಿಗೆ ಹೋಗಿದ್ರಿ?” ಎಂದಳು ನನ್ನ ಹೆಂಡತಿ ಗಿರಿಜಾ.

“ಬಿರ್ಕೆನ್‌ಹೋಫ್.”

“ಅಲ್ಲೇನಿತ್ತು?”

“ಏನಿಲ್ಲ. ರೈಲು ನಿಂತ್ತು.”

“ನಿಂತ್ತು ಅಂತ ಹತ್ತಿದ್ರಿ?”

“ಮತ್ತ? ಮರ್ಯಾದಿ ಅಂತ ಒಂದ ಇರ್ತೈತಲ್ಲ.”

ಹದಿನಾರರ ಮಗಳು ಮೇಘಾ ಪುಸ್ತಕದಿಂದ ತಲೆಯೆತ್ತಲಿಲ್ಲ. “ಪಪ್ಪಾ, ದಾಸ್ ಇಸ್ಟ್ ಪೈನ್‌ಲಿಖ್,” ಎಂದಳು. ನಾಚಿಕೆಗೇಡು ಎಂದರ್ಥ. ನಮ್ಮ ಮನೆಯಲ್ಲಿ ಕನ್ನಡದ ಪ್ರಶ್ನೆಗಳಿಗೆ ಜರ್ಮನ್ನಿನಲ್ಲಿ ಉತ್ತರ ಬರುತ್ತದೆ. ಬೈಗುಳಗಳೂ ಅದೇ ದಾರಿ ಹಿಡಿದಿವೆ.

ಅಭ್ಯಾಸ ಬಿಡಬಹುದಿತ್ತು. ಆದರೆ ಮೂರು ತಲೆಮಾರಿನ ವಿದ್ಯೆಯನ್ನು ಕೆಂಪು ಕನ್ನಡಕಕ್ಕೆ ಹೆದರಿ ಬಿಡುವುದೇ? ಒಂದು ಸಂಜೆ ಮಾಡಿನ ಹಿಂದಿನ ಆಕ್ರೋಟದ ಮರದ ಮರೆಯಲ್ಲಿ ನಿಂತು ನೋಡಿದೆ. ಆಕೆ ಗಾಡಿ ನಿಲ್ಲಿಸಿ, ನಾನು ಈಚೆ ಬರುವವರೆಗೆ ಕಾದಳು. ಮತ್ತೆ ಹತ್ತಿದೆ. ಹೀಗೆ ವಾರದಲ್ಲಿ ಎರಡು ಮೂರು ಸಲ ಬಿರ್ಕೆನ್‌ಹೋಫಿಗೆ ಹೋಗಿ ನಡೆದು ಬರುವುದು ನನ್ನ ಪಾಲಿಗೆ ಬಂತು. ಅದರಿಂದ ಕೆಡುಕೇನೂ ಆಗಲಿಲ್ಲ. ಸಂಜೆಯ ಇಳಿಬಿಸಿಲಿನಲ್ಲಿ ಬಾರ್ಲಿಯ ಹೊಲ ಗಾಳಿಗೆ ಮಲಗಿ ಏಳುವುದನ್ನು ನೋಡುತ್ತಾ ನಡೆದರೆ, ಬ್ರೇಕಿಲ್ಲದ ಜಗತ್ತೂ ಒಂದಿದೆ ಎನಿಸುತ್ತಿತ್ತು. ಆ ದಾರಿಯಲ್ಲೇ ಸಿಕ್ಕವರು ಫ್ರಾವ್, ಎಂದರೆ ಶ್ರೀಮತಿ, ಹೇಬರ್ಲೆ.

ಫ್ರಾವ್ ಹೇಬರ್ಲೆ ಎಂಬತ್ತರ ಹತ್ತಿರದ ರೈತ ಹೆಂಗಸು. ಮೈಮೇಲೆ ನೀಲಿ ಏಪ್ರನ್ನು, ಕೈಯಲ್ಲಿ ಕುರ್ಪಿ, ನಾಲಗೆಯ ಮೇಲೆ ಅದಕ್ಕಿಂತ ಹರಿತವಾದದ್ದು. ಇಲ್ಲಿನ ಶ್ವೇಬಿಷ್ ಮಾತು ಪುಸ್ತಕದ ಜರ್ಮನ್ನಿಗೆ ಎಷ್ಟು ದೂರವೋ, ನಮ್ಮ ಗದಗಿನ ಮಾತು ಪಠ್ಯಪುಸ್ತಕದ ಕನ್ನಡಕ್ಕೆ ಅಷ್ಟೇ ದೂರ. ಆದ್ದರಿಂದ ಆಕೆಯ ಮಾತನ್ನು ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತೇನೆ. ಬೇರೆ ಏನು ಮಾಡಿದರೂ ಆಕೆಗೆ ಅನ್ಯಾಯ. ಆಕೆ ನನ್ನನ್ನು ಬಹುವಚನದಲ್ಲೇ ಕರೆಯುತ್ತಿದ್ದರು, ನಿಜ. ಆದರೆ ದನಿಯಲ್ಲಿ ‘ತಮ್ಮಾ’ ಇತ್ತು.

“ಮೊನ್ನೇನೂ ಬಂದಿ, ಇವತ್ತೂ ಬಂದಿ. ಆ ಊರಾಗ ಅಂಥಾದ್ದು ಏನ ಐತಿ, ತಮ್ಮಾ?” ಕೋಸಿನ ಸಾಲಿನ ನಡುವಿನಿಂದ ಆಕೆ ಕೇಳಿದರು.

ನಿಜ ಹೇಳಿದೆ. ರೈಲು ನೋಡಲು ಕೂತೆ, ಅದು ನಿಂತುಬಿಟ್ಟಿತು, ಹತ್ತಬೇಕಾಯಿತು. ಆಕೆ ಕುರ್ಪಿ ನೆಲಕ್ಕೂರಿ ನನ್ನನ್ನು ಬಹಳ ಹೊತ್ತು ನೋಡಿದರು. ನಗುತ್ತಾರೆ ಎಂದುಕೊಂಡೆ.

“ಕೂಡು. ದಿನಾ ಕೂಡು,” ಎಂದರು. “ಹತ್ತೂದ ಮಾತ್ರ ಬಿಡಬ್ಯಾಡ. ನಮ್ಮ ನಿಲ್ದಾಣಕ್ಕ ಮಂದಿ ಹತ್ತೂದಿಲ್ಲ, ತಗದ ಬಿಡ್ತೇವಿ ಅನ್ನಾಕ ಹತ್ಯಾರ ರೈಲಿನವರು. ಅದು ಹೋದ್ರ ನನ್ನ ಗುರುವಾರ ಹೋತು.”

ಗುರುವಾರ ಎಂದರೆ ಏನು ಎಂಬುದನ್ನೂ ಕೋಸಿನ ಸಾಲಿನಲ್ಲೇ ತಿಳಿದೆ. ಗಂಡ ಓಯ್ಗೆನ್‌ಗೆ ಲಕ್ವ ಹೊಡೆದು, ಗಾಲಿಕುರ್ಚಿ ಹಿಡಿದು, ಈ ರೈಲು ದಾರಿಯ ಕೊನೆಯ ಪೇಟೆಯ ಆರೈಕೆ ಮನೆಯಲ್ಲಿದ್ದಾರೆ. ಗುರುವಾರ ಬಂತೆಂದರೆ ಈಕೆ ಏಪ್ರನ್ ಬಿಚ್ಚಿ, ಒಳ್ಳೆಯ ಕೋಟು ಹಾಕಿ, ಮನೆಯ ಸೇಬಿನ ಕೇಕು ಕಟ್ಟಿಕೊಂಡು ರೈಲು ಹತ್ತುತ್ತಾರೆ. ಕಣ್ಣು ಮಂಜಾಗಿ ಕಾರು ಓಡಿಸುವುದನ್ನು ನಿಲ್ಲಿಸಿದ್ದಾರೆ. ಊರಿಗೆ ಬಸ್ಸಿಲ್ಲ.

“ನಿಮ್ಮ ಮಗ ಮಾರ್ಟಿನ್ ಕಾರಿನ್ಯಾಗ ಬಿಡೂದಿಲ್ಲೇನು?”

“ಬಿಡ್ತಾನ. ಅವನೂ ಒಳ್ಳೆಯವನ. ಆದ್ರ ಸುಗ್ಗ್ಯಾಗ ಹೊಲಾ ಬಿಟ್ಟ ಬರೂ ಒಕ್ಕಲಿಗನ್ನ ನಾ ಹಡದಿಲ್ಲ,” ಎಂದು ಆಕೆ ಹೆಮ್ಮೆಯಿಂದ ಹೇಳಿದರು. ಅಲ್ಲದೆ, ಇನ್ನೊಬ್ಬರ ಕಾರಿನಲ್ಲಿ ಹೋದರೆ ಇನ್ನೊಬ್ಬರ ಹೊತ್ತಿಗೆ ಏಳಬೇಕು. ಗಂಡನ ಮುಂದೆ ಗಡಿಯಾರ ನೋಡುತ್ತ ಕೂರುವುದು ತನಗೆ ಸೇರದು ಎಂದರು. ನನಗೆ ಈ ಮಾತು ಬಹಳ ಹಿಡಿಸಿತು. ಅಂದಿನಿಂದ ನನ್ನ ಸೋಮಾರಿತನ ಸಮಾಜಸೇವೆಯಾಯಿತು. ಅಂಥ ಬಡ್ತಿ ಕಂಪನಿಯಲ್ಲಿ ನನಗೆ ಒಮ್ಮೆಯೂ ಸಿಕ್ಕಿರಲಿಲ್ಲ.

ಇಲ್ಲಿಗೆ ಸುಖವಾಗಿ ಮುಗಿಯಬಹುದಿತ್ತು. ಆದರೆ ನಮ್ಮ ಬಾಗಿಲಿಗೆ ಹಲಗೆ ಬಂತು.

ಈ ಸೀಮೆಯಲ್ಲಿ ಕೇರ್‌ವೋಖೆ ಎಂಬ ಒಂದು ವ್ರತವಿದೆ. ಕಸಗುಡಿಸುವ ವಾರ ಎಂದರ್ಥ. ಮೆಟ್ಟಿಲು, ಅಂಗಳ, ಬೀದಿಯನ್ನು ಮನೆಗಳು ಸರದಿಯಂತೆ ಗುಡಿಸಬೇಕು. ಯಾರ ಸರದಿಯೋ ಅವರ ಬಾಗಿಲಿಗೆ ಒಂದು ಸಣ್ಣ ಹಲಗೆ ತೂಗುತ್ತದೆ. ಕ್ರೌಟ್‌ವೀಲರಿನವರು ನಿಲ್ದಾಣವನ್ನೂ ಈ ವ್ರತಕ್ಕೆ ಸೇರಿಸಿಕೊಂಡಿದ್ದಾರೆ. ರೈಲಿನವರು ಯಾವಾಗಲೋ ಒಮ್ಮೆ ಗುಡಿಸುತ್ತಾರೆ, ಅದು ಇವರಿಗೆ ಸಾಲದು. ಊರಿಗೆ ಬಂದವರು ಮೊದಲು ಕಾಣುವುದು ಪ್ಲಾಟ್‌ಫಾರ್ಮು, ಅಲ್ಲಿ ಎಲೆ ಬಿದ್ದಿದ್ದರೆ ಏನೆಂದುಕೊಂಡಾರು? ಬರುವವರು ಯಾರೂ ಇಲ್ಲ ಎಂಬುದು ಮುಖ್ಯವಲ್ಲ. ಶನಿವಾರ ಬೆಳಗ್ಗೆ ನಿಲ್ದಾಣ ಗುಡಿಸುವ ಗಂಡಸರ ಮುಖದ ಗಾಂಭೀರ್ಯ ಕಂಡರೆ ಯಾವುದೋ ಸಂಸ್ಥಾನದ ಪಟ್ಟಾಭಿಷೇಕ ನಡೆದಿದೆ ಎನ್ನಬೇಕು. ನಾನು ಇದನ್ನು ಹಾಸ್ಯಕ್ಕೆ ಬರೆಯುತ್ತಿಲ್ಲ. ತನ್ನದಲ್ಲದ ಜಾಗವನ್ನು ತನ್ನದೆಂದು ಗುಡಿಸುವ ಜನರನ್ನು ನಾನು ಹೆಚ್ಚು ಕಂಡಿಲ್ಲ.

ನಮ್ಮ ಸರದಿ ಬಂದ ಶನಿವಾರ ಗಿರಿಜಾ ನಸುಕಿನಲ್ಲೇ ಎದ್ದು ಕಸಬರಿಗೆ, ಬಕೀಟು ತೆಗೆದುಕೊಂಡು ಹೋದಳು. ನಾನು ಮಲಗಿದ್ದೆ, ವ್ರತಗಳನ್ನು ಹೆಂಡತಿಯೇ ಮಾಡುವುದು ನಮ್ಮ ಮನೆಯ ಇನ್ನೊಂದು ಪರಂಪರೆ.

ಮಧ್ಯಾಹ್ನದ ಹೊತ್ತಿಗೆ ಬಾಗಿಲು ಬಡಿದ ಸದ್ದು. ಫ್ರಾವ್ ಹೇಬರ್ಲೆ. ಹೊಲದ ಬೂಟಿನಲ್ಲೇ ಒಳಗೆ ಬಂದು ಅಡುಗೆಮನೆಯ ಕುರ್ಚಿಯ ಮೇಲೆ ಕುಸಿದರು. ಈ ದೇಶದಲ್ಲಿ ಒಬ್ಬರು ಬೂಟು ಬಿಚ್ಚದೆ ಒಳಗೆ ಬಂದರೆಂದರೆ ಯುದ್ಧ ಶುರುವಾಗಿರಬೇಕು.

“ಗೆರಿ ಹೊಡದ ಹೋಗ್ಯಾರ, ತಮ್ಮಾ,” ಎಂದರು. ದನಿಯಲ್ಲಿ ಎಂದಿನ ಹರಿತ ಇರಲಿಲ್ಲ. “ಮುಗೀತು. ಒಡ್ಯಾಕ ಗುರ್ತಾ ಮಾಡ್ಯಾರ.”

“ಯಾರು?”

“ರೈಲಿನ ಅಳತಿ ಮಾಡೂ ಮಂದಿ. ಬಿಳೀ ಚುಕ್ಕಿ, ಬಿಳೀ ಗೆರಿ. ನೀ ಎಂಜಿನಿಯರ್ ಅದೀ. ಬಾ, ಓದಿ ಹೇಳು. ಎಂದ ಒಡೀತಾರಂತ.”

ಹೋದೆ. ಅರ್ಧ ಊರು ಅಲ್ಲಿತ್ತು. ಬೆಂಕಿ ದಳದವರು ತೋಳು ಕಟ್ಟಿ ನಿಂತಿದ್ದರು. ಮಾರ್ಟಿನ್ ಟ್ರ್ಯಾಕ್ಟರನ್ನು ದಾರಿಯಲ್ಲೇ ಬಿಟ್ಟು ಬಂದಿದ್ದ. ಎಲ್ಲರೂ ಒಂದು ಮಾರು ದೂರ ನಿಂತು ನೆಲ ನೋಡುತ್ತಿದ್ದರು, ಅಪಘಾತದ ಜಾಗ ನೋಡುವಂತೆ. ನನಗೆ ದಾರಿ ಬಿಟ್ಟುಕೊಟ್ಟರು. ಕೈ ಬೆನ್ನಿಗೆ ಕಟ್ಟಿ, ತಜ್ಞನ ಗತ್ತಿನಿಂದ ಮುಂದೆ ಹೋಗಿ ಬಗ್ಗಿ ನೋಡಿದೆ.

ಸಾಲು ಚುಕ್ಕಿ. ಅವುಗಳನ್ನು ಬಳಸಿಕೊಂಡು ಹೋದ ಬಳ್ಳಿ. ನಡುವೆ ಒಂದು ಕಮಲ. ಮೂಲೆಯಲ್ಲಿ, ಜಾಗ ಉಳಿದಿದ್ದರಿಂದ, ಒಂದು ಜೋಡಿ ಗಿಣಿ.

ಬದುಕಿನಲ್ಲಿ ಅನೇಕ ತಾಂತ್ರಿಕ ವರದಿಗಳನ್ನು ಒಪ್ಪಿಸಿದ್ದೇನೆ; ಅಷ್ಟು ಕಷ್ಟದ್ದು ಯಾವುದೂ ಇರಲಿಲ್ಲ. “ಇದು... ನನ್ನ ಹೆಂಡತಿ,” ಎಂದೆ.

ಅಷ್ಟರಲ್ಲಿ ಗಿರಿಜಾಳೂ ಬಂದಿದ್ದಳು. “ಏನಾತ್ರಿ? ಯಾಕ ಎಲ್ಲಾರೂ ಸಾವಾದವರಂಗ ನಿಂತಾರ?”

“ನೀ ಪ್ಲಾಟ್‌ಫಾರ್ಮಿನ ಮ್ಯಾಲೆ ರಂಗೋಲಿ ಯಾಕ ಹಾಕಿದಿ?”

“ಅಯ್ಯ! ಕಸಾ ಹೊಡದ, ನೀರ ಹಾಕಿ, ನಾಕ ಚುಕ್ಕಿ ಇಡಲಿಲ್ಲಂದ್ರ ಹೆಂಗ್ರಿ? ಬಾಗಲಾ ಬೋಳ ಕಾಣೂದಿಲ್ಲೇನು?”

“ಇದ ಬಾಗಲಲ್ಲ.”

“ಮತ್ತ ಊರಿಗೆ ಬಾಗಲಾ ಯಾವುದ ಐತಿ, ತೋರಸ್ರಿ.”

ಇದನ್ನು, ಅಮ್ಮನ ಹಿಂದೆಯೇ ಬಂದಿದ್ದ ಮೇಘಾ ಜರ್ಮನ್ನಿಗೆ ತಿರುಗಿಸಿದಳು. ನಾಚಿಕೆಯಿಂದ ಕಿವಿ ಕೆಂಪಾಗಿದ್ದರೂ ಒಂದು ಮಾತನ್ನೂ ಬಿಡಲಿಲ್ಲ. ಗುಡಿಸಿದ ಬಾಗಿಲಿಗೆ ನಾವು ಹೀಗೆ ಬರೆಯುತ್ತೇವೆ, ಬರುವವರು ಒಳ್ಳೆಯವರಾಗಿ ಬರಲಿ ಎಂದು, ಅಂತ ತಾನೇ ಒಂದು ಸಾಲು ಸೇರಿಸಿದಳು ಕೂಡ. ಬೆಂಕಿ ದಳದ ಮುಖಂಡ ಕೆಮ್ಮಿ, ಮಳೆ ಬಂದರೆ ಈ ಪುಡಿ ಜಾರುತ್ತದೆಯೇ ಎಂದು ವಿಚಾರಿಸಿದ. ಅಕ್ಕಿ ಹಿಟ್ಟು, ಇರುವೆ ತಿನ್ನುತ್ತವೆ ಎಂದಾಗ ಅವನಿಗೆ ಸಮಾಧಾನವಾಯಿತು. ವಿಲೇವಾರಿಯ ವ್ಯವಸ್ಥೆಯೂ ಇರುವ ಧರ್ಮ ಅವನಿಗೆ ಒಪ್ಪಿಗೆಯಾದಂತೆ ಕಂಡಿತು.

ಫ್ರಾವ್ ಹೇಬರ್ಲೆ ಮಾತ್ರ ಗಿರಿಜಾಳ ಹತ್ತಿರ ಹೋಗಿ, ಆಕೆಯ ಹಿಟ್ಟಿನ ಕೈ ಹಿಡಿದುಕೊಂಡರು. “ನನ್ನ ಜೀವಾ ತಗದ್ಯಲ್ಲವಾ,” ಎಂದರು. ಆಮೇಲೆ, ಗಿಣಿಗಳನ್ನು ಬಗ್ಗಿ ನೋಡಿ, “ಇವು ಏನು, ಕೋಳಿಯೇನು?” ಎಂದರು. ಗಿರಿಜಾ ಇವತ್ತಿಗೂ ಮನಸ್ಸಿನಲ್ಲಿಟ್ಟುಕೊಂಡಿರುವುದು ಆ ಒಂದು ಮಾತನ್ನು.

ಆ ಮಧ್ಯಾಹ್ನ ಹಾಗೆ ಕಳೆಯಿತು. ಆದರೆ ಆಕೆ ಕುರ್ಚಿಯ ಮೇಲೆ ಕುಸಿದ ರೀತಿ ನನ್ನ ಕಣ್ಣಿನಿಂದ ಹೋಗಲಿಲ್ಲ. ಚಿಕ್ಕ ಊರಿನ ರೈಲು ನಿಲ್ದಾಣ ಎಂದರೆ ನಮಗೆಲ್ಲ ಒಂದು ಚಂದದ ಚಿತ್ರ. ಆಕೆಗೆ ಅದು ಗಂಡನ ಮುಖ.

ಹಣ್ಣೆಲೆ ಉದುರುವ ಕಾಲಕ್ಕೆ ನಿಜವಾಗಿಯೂ ಸುದ್ದಿ ಬಂತು: ರೈಲಿನ ಆಡಳಿತದವರೊಬ್ಬರು ಗುರುವಾರ ಈ ಗಾಡಿಯಲ್ಲೇ ಬಂದು ನಿಲ್ದಾಣ ನೋಡಿ ಹೋಗುತ್ತಾರೆ. ಡಿಸೆಂಬರಿನ ಹೊಸ ವೇಳಾಪಟ್ಟಿಯಲ್ಲಿ ಕ್ರೌಟ್‌ವೀಲರ್ ಇರಬೇಕೋ ಬೇಡವೋ ಎಂಬುದು ಅವರ ಮಾತಿನ ಮೇಲೆ. ಊರಿನಲ್ಲಿ ತುರ್ತು ಸಭೆ ಸೇರಿತು. ತೀರ್ಮಾನ ಸರಳ: ಎಲ್ಲರೂ ಪ್ಲಾಟ್‌ಫಾರ್ಮಿಗೆ ಬರಬೇಕು, ಎಲ್ಲರೂ ಪೇಟೆಗೆ ಸಂತೆಗೆ ಹೊರಟವರಂತೆ ಇರಬೇಕು. ‘ಎಲ್ಲಿಗೆ?’ ಎಂದರೆ ‘ಸಾಮಾನು ತರಲು’ ಎನ್ನಬೇಕು. ನಾನೂ ಅರ್ಧ ದಿನ ರಜೆ ಹಾಕಿದೆ.

ಈ ಜನರಿಗೆ ನೆಲ ಉಳಲು ಬರುತ್ತದೆ, ಬೆಂಕಿ ಆರಿಸಲು ಬರುತ್ತದೆ, ತುತ್ತೂರಿ ಊದಲು ಬರುತ್ತದೆ. ಸುಳ್ಳು ಹೇಳಲು ಬರುವುದಿಲ್ಲ. ಗುರುವಾರ ಪ್ಲಾಟ್‌ಫಾರ್ಮಿನ ಮೇಲೆ ನಿಂತವರಲ್ಲಿ ಒಬ್ಬರ ಕೈಯಲ್ಲೂ ಚೀಲವಿರಲಿಲ್ಲ. ಬ್ಯಾಂಡಿನವರು ಅಭ್ಯಾಸದಿಂದ ಸಮವಸ್ತ್ರದಲ್ಲಿ ಬಂದಿದ್ದರು, ಒಬ್ಬನ ಹೆಗಲಿಗೆ ಆನೆಯ ಸೊಂಡಿಲಿನಂಥ ಹಿತ್ತಾಳೆಯ ವಾದ್ಯ ಬೇರೆ. ಸಾಮಾನು ತರಲು ಹೊರಟ ಊರೊಂದು ಹೀಗಿರುವುದನ್ನು ಇತಿಹಾಸ ಕಂಡಿರಲಿಕ್ಕಿಲ್ಲ.

ಗಾಡಿ ನಿಂತಿತು. ಬೂದು ಕೋಟಿನ ತೆಳ್ಳಗಿನ ಅಧಿಕಾರಿ ಇಳಿದರು. ಗಾಡಿ ಇಲ್ಲಿ ಕೆಲವು ನಿಮಿಷ ನಿಲ್ಲಲಿದೆ ಎಂದು ಚಾಲಕಿ ಕೂಗಿ ಹೇಳಿದಳು. ಅಧಿಕಾರಿಯ ಜರ್ಮನ್ ಕಲೆಯಿಲ್ಲದ ಪುಸ್ತಕದ ಜರ್ಮನ್; ಅದಕ್ಕೆ ತಕ್ಕ ಕನ್ನಡವನ್ನೇ ಕೊಡುತ್ತೇನೆ. ಹಿತ್ತಾಳೆಯ ವಾದ್ಯದವನನ್ನು ಬಿಟ್ಟು, ನೇರವಾಗಿ ನನ್ನ ಬಳಿಗೆ ಬಂದರು. ಗುಂಪಿನಲ್ಲಿ ಬೇರೆ ಬಣ್ಣದವನು ನಾನೊಬ್ಬನೇ. ನಿಜ ಸಿಗಬಹುದು ಎಂದುಕೊಂಡಿರಬೇಕು.

“ತಾವು ಎಲ್ಲಿಗೆ ಪ್ರಯಾಣ ಬೆಳೆಸುತ್ತಿದ್ದೀರಿ?”

ಸಾಮಾನು ತರಲು. ಬಾಯಿಪಾಠ ಮಾಡಿದ್ದೆ. ಆದರೆ ಪ್ಲಾಟ್‌ಫಾರ್ಮಿನ ಮೇಲೆ ನಿಂತು ಆ ಪ್ರಶ್ನೆ ಕೇಳಿಸಿಕೊಂಡಾಗ ನಮ್ಮ ಮನೆತನದವರ ಬಾಯಿಂದ ಬರುವ ಉತ್ತರ ಒಂದೇ.

“ಎಲ್ಲಿಗೂ ಇಲ್ಲ,” ಎಂದೆ. “ರೈಲು ನೋಡಲು ಬಂದೆ.”

ಹಿಂದೆ ಯಾರೋ ನರಳಿದರು. ಮೇಘಾ ಇದ್ದಿದ್ದರೆ ಮತ್ತೊಂದು ಜರ್ಮನ್ ಶಬ್ದ ಕಲಿಯುತ್ತಿದ್ದೆ.

“ನೋಡಲು,” ಎಂದರು ಅಧಿಕಾರಿ, ಅಧ್ಯಯನದ ದನಿಯಲ್ಲಿ. “ತದನಂತರ?”

“ಅದು ನಿಲ್ಲುತ್ತದೆ. ಆದ್ದರಿಂದ ಹತ್ತುತ್ತೇನೆ. ಮುಂದಿನ ಊರಲ್ಲಿ ಇಳಿದು ನಡೆದು ಬರುತ್ತೇನೆ.”

“ತಿಂಗಳಿಗೊಮ್ಮೆ?”

“ವಾರದಲ್ಲಿ ಎರಡು ಮೂರು ಸಲ,” ಎಂದು ಕಿಟಕಿಯಿಂದ ಕೆಂಪು ಕನ್ನಡಕ ಸಾಕ್ಷಿ ಹೇಳಿತು. “ಮರದ ಹಿಂದೆ ಅಡಗಿರುತ್ತಾರೆ.”

ಅಧಿಕಾರಿ ಏನೂ ಬರೆದುಕೊಳ್ಳಲಿಲ್ಲ. ಅದಕ್ಕೇ ಹೆಚ್ಚು ಭಯವಾಯಿತು. ಫ್ರಾವ್ ಹೇಬರ್ಲೆಯವರ ಕಡೆ ತಿರುಗಿದರು. ಆಕೆ ಒಳ್ಳೆಯ ಕೋಟಿನಲ್ಲಿ, ಕೇಕಿನ ಗಂಟು ಎದೆಗವುಚಿ ನಿಂತಿದ್ದರು. “ತಾವೂ ನೋಡಲು ಬಂದವರೇ?”

“ನನಗ ಅಂಥಾ ಪುರಸೊತ್ತಿಲ್ಲ,” ಎಂದರು ಆಕೆ, ನನ್ನ ಕಡೆ ಒಂದು ನೋಟ ಎಸೆದು. “ಇವತ್ತ ಗುರುವಾರ. ನಮ್ಮವರು ಆ ತುದಿಯೂರಾಗ ಆರೈಕಿ ಮನ್ಯಾಗ ಅದಾರ. ಎರಡ ವರ್ಷ ಆತು ತಮ್ಮ ಹೊಲಾ ನೋಡಿಲ್ಲ. ಯಾಕ ಹೇಳ್ರಿ? ಮಗನ ಕಾರಿನ್ಯಾಗ ಅವರ ಗಾಲಿಕುರ್ಚಿ ಹಿಡಿಯೂದಿಲ್ಲ. ನಿಮ್ಮ ಗಾಡಿ ಬಾಗಲಾ ಎಲ್ಲೈತಿ, ಈ ಕಟ್ಟಿ ಎಲ್ಲೈತಿ? ಗಾಲಿಕುರ್ಚಿ ಹಾರಬೇಕೇನು? ಅವರು ಇಳಿಯಾಕ ಬರೂದಿಲ್ಲ, ಅದಕ್ಕ ನಾ ಹತ್ತತೇನಿ. ನಿಲ್ದಾಣ ಮುಚ್ಚಾಕ ಬಂದೀರಿ, ಹೌದಲ್ಲ? ಮುಚ್ಚೂಕಿಂತ ಮೊದಲ ಒಮ್ಮೆ ಹತ್ತಿ ಇಳದ ನೋಡ್ರಿ. ಎಂಬತ್ತರ ಕಾಲ ಹೆಂಗ ಎತ್ತಬೇಕಾಕ್ಕೈತಿ ಅಂತ.”

ಅಧಿಕಾರಿ ಗಾಡಿಯ ಬಾಗಿಲಿಗೆ ಹೋಗಿ ಒಂದು ಕಾಲು ಮೇಲಿಟ್ಟರು, ಇಳಿಸಿದರು. ಮತ್ತೊಮ್ಮೆ ಹತ್ತಿದರು, ಇಳಿದರು. “ಪ್ಲಾಟ್‌ಫಾರ್ಮಿನ ಎತ್ತರ ನನ್ನ ವಿಭಾಗಕ್ಕೆ ಒಳಪಡುವುದಿಲ್ಲ,” ಎಂದರು. ಆಮೇಲೆ ಆಕೆಯ ಕೈಯಿಂದ ಕೇಕಿನ ಗಂಟು ತೆಗೆದುಕೊಂಡು, ಆಕೆಗೆ ಮೊಣಕೈ ಕೊಟ್ಟು ಹತ್ತಿಸಿ, ತಾವೂ ಹತ್ತಿ ಎದುರಿನ ಸೀಟಿನಲ್ಲಿ ಕೂತರು. ಗಾಡಿ ಹೋಯಿತು. ನಾವೆಲ್ಲ ನಿಂತು ನೋಡಿದೆವು. ಆ ದಿನ ಇಡೀ ಊರು ನಮ್ಮ ಮನೆತನಕ್ಕೆ ಸೇರಿತ್ತು.

ಮುಂದೆ ವಾರಗಟ್ಟಲೆ ರೈಲಿನವರಿಂದ ಸುದ್ದಿಯಿಲ್ಲ. ನನ್ನನ್ನು ಯಾರೂ ಬೈಯಲಿಲ್ಲ. ಅವರ ಬದಲು ಗಿರಿಜಾ ಬೈದಳು. “ಒಂದ ಸುಳ್ಳು, ಸಣ್ಣ ಸುಳ್ಳು, ಆ ಮುದಕಿ ಸಲುವಾಗಿ ಹೇಳಾಕ ಆಗಲಿಲ್ಲ ನಿಮಗ? ಊರಾಗ ನನಗ ಮುಖಾ ಎತ್ತಾಕ ಆಗವಲ್ದು.” ನಾನು ಸಂಜೆಯ ಬೆಂಚನ್ನು ಬಿಟ್ಟುಬಿಟ್ಟೆ. ನಾಲ್ಕು ದಿನಕ್ಕೆ ಫ್ರಾವ್ ಹೇಬರ್ಲೆಯವರೇ ಬಂದು, “ಕಾಲಿಗೇನಾಗೇತಿ ನಿನಗ? ನಡಿ ಕೂಡು,” ಎಂದು ಅಟ್ಟಿದರು.

ಡಿಸೆಂಬರಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಹೊಸ ವೇಳಾಪಟ್ಟಿ ಅಂಟಿಸಿದರು. ಆಕೆ ಕನ್ನಡಕ ಮೂಗಿಗೇರಿಸಿ, ಬೆರಳಿಟ್ಟು ಸಾಲಾಗಿ ಕೆಳಗೆ ಬಂದರು. ಬೆರಳು ನಿಂತಿತು. ಕ್ರೌಟ್‌ವೀಲರ್ ಇತ್ತು. ಆಕೆ “ಹಾಂ” ಎಂದರು, ಅಷ್ಟೇ; ಸಂತೋಷವನ್ನು ಈ ಜನ ಹಿಟ್ಟಿನಂತೆ ಡಬ್ಬಿಯಲ್ಲಿ ಹಾಕಿ ಮುಚ್ಚಿಡುತ್ತಾರೆ. ಉಳಿಸಿದ್ದು ಯಾರು ಎಂಬ ಬಗ್ಗೆ ಒಮ್ಮತವಿಲ್ಲ. ಬ್ಯಾಂಡಿನವರು ಸಮವಸ್ತ್ರ ಎನ್ನುತ್ತಾರೆ. ಮಾರ್ಟಿನ್ ಅಮ್ಮನ ಕೇಕು ಎನ್ನುತ್ತಾನೆ. ನಾನು ನನ್ನ ಅಭಿಪ್ರಾಯವನ್ನು ವಿನಯದಿಂದ ನನ್ನಲ್ಲೇ ಇಟ್ಟುಕೊಂಡಿದ್ದೇನೆ.

ಪ್ಲಾಟ್‌ಫಾರ್ಮಿನ ಎತ್ತರ ಯಾರ ವಿಭಾಗಕ್ಕೆ ಸೇರಿತ್ತೋ ಅವರು ಮರುವರ್ಷ ವಸಂತದಲ್ಲಿ ಬಂದರು. ಒಂದು ತುದಿಯನ್ನು ಎತ್ತರಿಸಿ, ಇಳಿಜಾರು ಕಟ್ಟಿ ಹೋದರು. ಮೇ ತಿಂಗಳ ಒಂದು ಭಾನುವಾರ ಫ್ರಾವ್ ಹೇಬರ್ಲೆ ಬೆಳಗಿನ ಗಾಡಿಗೆ ಹೋಗಿ, ಮಧ್ಯಾಹ್ನದ ಗಾಡಿಗೆ ಓಯ್ಗೆನ್‌ರನ್ನು ಕರೆತಂದರು.

ಊರೆಲ್ಲ ನೆರೆದಿತ್ತು. ಬಾಗಿಲು ತೆರೆಯಿತು, ಗಾಲಿಕುರ್ಚಿ ಒಂದು ಕುಲುಕಾಟವಿಲ್ಲದೆ ಹೊರಗೆ ಉರುಳಿತು. ದೊಡ್ಡ ಮೂಗಿನ, ದೊಡ್ಡ ಕೈಗಳ ಮುದುಕ. ತೊಡೆಯ ಮೇಲೆ ಕಂಬಳಿ, ತಲೆಯ ಮೇಲೆ ಟೋಪಿ. ಬ್ಯಾಂಡಿನವರು ವಾದ್ಯ ಎತ್ತಿದ್ದವರು ಹಾಗೇ ಇಳಿಸಿದರು, ಏಕೆಂದರೆ ಆತ ಅವರ ಕಡೆ ನೋಡುತ್ತಿರಲಿಲ್ಲ. ಹೆಂಡತಿಯ ಕಡೆಯೂ ಅಲ್ಲ, ಮಗನ ಕಡೆಯೂ ಅಲ್ಲ. ಪ್ಲಾಟ್‌ಫಾರ್ಮಿನ ಅಂಚಿಗೆ ಹತ್ತಿಕೊಂಡಿದ್ದ ತಮ್ಮ ಹೊಲ ನೋಡುತ್ತಿದ್ದರು. ಗೋವಿನಜೋಳ ಆಗಷ್ಟೇ ಮೊಳೆತು ಗೇಣುದ್ದ ಎದ್ದಿತ್ತು. ಗಲ್ಲ ಅದುರಿತು. ಗಿರಿಜಾ ಸೆರಗು ಕಣ್ಣಿಗೊತ್ತಿಕೊಂಡಳು. ನಾನೂ ಬೇರೆ ಕಡೆ ನೋಡಲು ಸಿದ್ಧನಾದೆ.

“ಇದನ್ನ ಯಾರ ಬಿತ್ಯಾರ?” ಎಂದರು ಓಯ್ಗೆನ್. ಲಕ್ವದ ನಾಲಗೆ ತೊದಲುತ್ತಿದ್ದರೂ ಪ್ರಶ್ನೆ ಸ್ಪಷ್ಟವಾಗಿತ್ತು.

“ನಾನ, ಅಪ್ಪಾ,” ಎಂದ ಮಾರ್ಟಿನ್. ಐವತ್ತು ದಾಟಿದ, ಊರಿನ ಮೂರು ಸಂಘಗಳ ಅಧ್ಯಕ್ಷ.

“ಸಾಲ ನೋಡು. ಹಾವ ಹರದಂಗ ಐತಿ.”

“ಅಪ್ಪಾ, ಈಗ ಟ್ರ್ಯಾಕ್ಟರ್ ಉಪಗ್ರಹ ನೋಡಿ ತಾನ ಹೊಕ್ಕೈತಿ. ಕೂದಲೆಳಿಯಷ್ಟೂ ತಪ್ಪೂದಿಲ್ಲ.”

“ಹಂಗಾದ್ರ ಆ ಉಪಗ್ರಹಕ್ಕ ಒಂದ ಕನ್ನಡಕಾ ಕೊಡ್ಸು. ಆ ಮೂರನೇ ಸಾಲ ನೋಡು. ಆ ಕಂಬದ ಹತ್ತರ. ನೋಡಿದೇನು?”

ಮಾರ್ಟಿನ್ ಪ್ಲಾಟ್‌ಫಾರ್ಮಿನಿಂದ ಹೊಲಕ್ಕಿಳಿದು, ಮೂರನೇ ಸಾಲಿನ ತಲೆಗೆ ನಿಂತು ನೋಡಿದ. ಬೆಂಕಿ ದಳದವರೂ ಒಬ್ಬೊಬ್ಬರಾಗಿ ಇಳಿದು ನೋಡಿದರು. ಫ್ರಾವ್ ಹೇಬರ್ಲೆ ಕುರ್ಚಿಯ ಹಿಡಿಕೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಗಂಡನ ಟೋಪಿಯ ಮೇಲಿನಿಂದ ಎಲ್ಲೋ ನೋಡುತ್ತಿದ್ದರು. ಮುಖ ನಗುತ್ತಿತ್ತೋ ಏನು ಮಾಡುತ್ತಿತ್ತೋ, ಹೇಳುವುದು ಕಷ್ಟ.

“ಬೈರಿ,” ಎಂದರು ಗಂಡನಿಗೆ ಮೆಲ್ಲಗೆ. “ಇನ್ನಷ್ಟ ಬೈರಿ.”

ಮುದುಕ ಬೈದರು. ನಾಲ್ಕನೇ ಸಾಲಿಗೂ ಬಂದರು. ಗಾಡಿ ಹೊರಡುವ ಹೊತ್ತು ಆಗಲೇ ಮೀರಿತ್ತು, ಬಾಗಿಲು ತೆರೆದೇ ಇತ್ತು. ಯಾಕೆ ಹೊರಟಿಲ್ಲ ಎಂದು ತಿರುಗಿ ನೋಡಿದೆ. ಚಾಲಕಿ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಕೆಂಪು ಕನ್ನಡಕವನ್ನು ಹಣೆಗೇರಿಸಿ, ಒಂದು ಕಣ್ಣು ಮುಚ್ಚಿ, ಮೂರನೇ ಸಾಲು ಡೊಂಕೋ ಅಲ್ಲವೋ ಎಂದು ನೋಡುತ್ತಿದ್ದಳು.